ಹಾಗೆಯೇ ಉಳಿಯುತ್ತದೆ, ಸರಿ, ಆದರೆ ಎಲ್ಲಿ?



'ಕ್ರಿಯಾವರ್ಧಕ ಎಂದರೇನು?' ಎಂಬ ಪ್ರಶ್ನೆಗೆ ಪುಸ್ತಕಗಳಲ್ಲಿ ಒಂದು ಸಿದ್ಧ ಉತ್ತರವಿದೆ. 'ರಾಸಾಯನಿಕ ಕ್ರಿಯೆಯ ವೇಗವನ್ನು ಹೆಚ್ಚಿಸಿ, ಕ್ರಿಯೆಯ ಕೊನೆಯಲ್ಲಿ ಹಾಗೆಯೇ ಉಳಿಯುವ ವಸ್ತು.' ಉತ್ತರ ತಪ್ಪಲ್ಲ. ಪರೀಕ್ಷೆಯಲ್ಲಿ ಪೂರ್ತಿ ಅಂಕವೂ ಸಿಗುತ್ತದೆ. ಆದರೂ ಇದು ಅರ್ಧ ಉತ್ತರ ಎಂಬುದು ನನ್ನ ಅಭಿಪ್ರಾಯ. 'ಹಾಗೆಯೇ ಉಳಿಯುತ್ತದೆ' ಎಂದು ಓದಿದ ಕೂಡಲೇ ನೀವು ಕೈ ಎತ್ತಿ ಇನ್ನೊಂದು ಪ್ರಶ್ನೆ ಕೇಳಬೇಕು: 'ಎಲ್ಲಿ ಉಳಿಯುತ್ತದೆ ಸಾರ್?'

ಈ ಪ್ರಶ್ನೆ ಸಣ್ಣದಲ್ಲ. ಜ್ವರ ಬಂದಾಗ ನೀವು ನುಂಗುವ ಗುಳಿಗೆ ಎಷ್ಟು ಶುದ್ಧವಾಗಿದೆ, ಅದನ್ನು ಮಾಡುವ ಕಾರ್ಖಾನೆಯ ಹಿಂದೆ ಎಷ್ಟು ಗಸಿ ಬೀಳುತ್ತದೆ ಎಂಬ ಎರಡು ಸಂಗತಿಗಳೂ ಇದರ ಉತ್ತರವನ್ನು ಅವಲಂಬಿಸಿವೆ. ಹೇಗೆ ಎಂದು ನೋಡೋಣ.

ಸಕ್ಕರೆಯೋ, ಚಹಾ ಪುಡಿಯೋ?

ಮನೆಯಲ್ಲಿ ಚಹಾ ಮಾಡುವುದನ್ನು ನೆನಪಿಸಿಕೊಳ್ಳಿ. ನೀರಿಗೆ ಸಕ್ಕರೆ ಹಾಕುತ್ತಾರೆ, ಚಹಾ ಪುಡಿ ಹಾಕುತ್ತಾರೆ. ಕೊನೆಗೆ ಜಾಲರಿಯಲ್ಲಿ ಸೋಸುತ್ತಾರೆ. ಪುಡಿ ಜಾಲರಿಯಲ್ಲಿ ನಿಲ್ಲುತ್ತದೆ. ಸಕ್ಕರೆ? ಅದು ಲೋಟದೊಳಗೆ ಹೋಗಿಬಿಟ್ಟಿರುತ್ತದೆ. ಸಕ್ಕರೆ ನಾಶವಾಗಿಲ್ಲ, 'ಹಾಗೆಯೇ' ಇದೆ. ಆದರೆ ಅದನ್ನು ಹಿಂದಕ್ಕೆ ಪಡೆಯುವುದು ಸುಲಭವಲ್ಲ.

ಕ್ರಿಯಾವರ್ಧಕಗಳಲ್ಲೂ ಈ ಎರಡು ಜಾತಿಗಳಿವೆ. ಕೆಲವು ಲೋಹದ ಸಂಯುಕ್ತಗಳು ದ್ರವದಲ್ಲಿ ಪೂರ್ತಿ ಕರಗಿ ಕೆಲಸ ಮಾಡುತ್ತವೆ. ಇನ್ನು ಕೆಲವು ಘನರೂಪದಲ್ಲೇ ಉಳಿದು ಕೆಲಸ ಮಾಡುತ್ತವೆ. ಮೊದಲನೆಯದು ಸಕ್ಕರೆಯಂತೆ, ಎರಡನೆಯದು ಚಹಾ ಪುಡಿಯಂತೆ. ಕ್ರಿಯೆ ಮುಗಿದ ಮೇಲೆ ಎರಡೂ ಉಳಿಯುತ್ತವೆ ನಿಜ. ಆದರೆ ಒಂದು ಸೋಸಿದರೆ ಕೈಗೆ ಬರುತ್ತದೆ, ಇನ್ನೊಂದು ತಯಾರಾದ ವಸ್ತುವಿನ ಜೊತೆಯಲ್ಲೇ ಬೆರೆತಿರುತ್ತದೆ.

ಲೋಹದ ಕ್ರಿಯಾವರ್ಧಕವನ್ನು ಇದ್ದಿಲು, ಜೇಡಿಮಣ್ಣು, ಸಿಲಿಕಾ, ಪ್ಲಾಸ್ಟಿಕ್ ಮಣಿ ಮುಂತಾದ ಕರಗದ ಘನವಸ್ತುವಿನ ಮೇಲೆ ಕೂರಿಸುವ ವಿದ್ಯೆಯೊಂದಿದೆ. ಕೆಳಗೆ ಆಧಾರವಾಗಿರುವ ವಸ್ತುವನ್ನು 'ಘನ ಆಧಾರ' ಎನ್ನುತ್ತಾರೆ. ಹೊಸ ಕ್ರಿಯಾವರ್ಧಕವನ್ನು ಕಂಡುಹಿಡಿಯುವುದು ಎಷ್ಟು ದೊಡ್ಡ ಕೆಲಸವೋ, ಅದನ್ನು ಕಳೆದುಹೋಗದಂತೆ ಹಿಡಿದು ನಿಲ್ಲಿಸುವುದೂ ಅಷ್ಟೇ ದೊಡ್ಡ ಕೆಲಸ. ಮೊದಲನೆಯದಕ್ಕೆ ನಾವು ಚಪ್ಪಾಳೆ ತಟ್ಟುತ್ತೇವೆ. ಎರಡನೆಯದನ್ನು ಮರೆಯುತ್ತೇವೆ. ಇದು ಸರಿಯಲ್ಲ.

ಒಂದು ಗುಳಿಗೆಯ ಲೆಕ್ಕ

ಪ್ಯಾರಾಸಿಟಮಾಲ್ ಗುಳಿಗೆ ನಿಮಗೆಲ್ಲ ಗೊತ್ತು. ಜ್ವರ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ಸಾಮಾನ್ಯವಾಗಿ ಕೊಡುವುದು ಅದನ್ನೇ. ಅದನ್ನು ತಯಾರಿಸುವ ಒಂದು ಮುಖ್ಯ ದಾರಿಯಲ್ಲಿ ಪ್ಯಾರಾ-ನೈಟ್ರೋಫೀನಾಲ್ ಎಂಬ ಸಾವಯವ ಸಂಯುಕ್ತವನ್ನು ಪ್ಯಾರಾ-ಅಮೈನೋಫೀನಾಲ್ ಆಗಿ ಬದಲಿಸಬೇಕು. ಹೆಸರು ಕೇಳಿ ಹೆದರಬೇಡಿ. ಆಗಬೇಕಾದ ಬದಲಾವಣೆ ಇಷ್ಟೇ: ನೈಟ್ರೋಜನ್ ಪರಮಾಣುವಿಗೆ ಅಂಟಿಕೊಂಡಿರುವ ಎರಡು ಆಕ್ಸಿಜನ್ ಪರಮಾಣುಗಳನ್ನು ತೆಗೆದು, ಅಲ್ಲಿ ಎರಡು ಹೈಡ್ರೋಜನ್ ಪರಮಾಣುಗಳನ್ನು ಸೇರಿಸಬೇಕು. ಹೀಗೆ ಬಂದ ವಸ್ತುವಿಗೆ ಅಸಿಟಿಕ್ ಅನ್‌ಹೈಡ್ರೈಡ್ ಸೇರಿಸಿದರೆ ಪ್ಯಾರಾಸಿಟಮಾಲ್ ಸಿಗುತ್ತದೆ.

ಈ ಬದಲಾವಣೆಯನ್ನು ಎರಡು ರೀತಿಯಲ್ಲಿ ಮಾಡಬಹುದು.

ಹಳೆಯ ರೀತಿಯಲ್ಲಿ ಕಬ್ಬಿಣದ ಪುಡಿ ಮತ್ತು ಸ್ವಲ್ಪ ಆಮ್ಲವನ್ನು ಬಳಸುತ್ತಾರೆ. ಈ ಬಗೆಯ ಕ್ರಿಯೆಯನ್ನು 1854ರಲ್ಲಿ ಫ್ರಾನ್ಸಿನ ಆಂಟ್ವಾನ್ ಬೆಷಾಂ ತೋರಿಸಿಕೊಟ್ಟರು. ಇಲ್ಲಿ ಕಬ್ಬಿಣ ಕ್ರಿಯಾವರ್ಧಕವಲ್ಲ. ಅದೇ ಆಕ್ಸಿಜನ್ನನ್ನು ಕಿತ್ತುಕೊಂಡು ಕಬ್ಬಿಣದ ಆಕ್ಸೈಡ್ ಆಗಿ, ಕಪ್ಪು ಗಸಿಯ ರೂಪದಲ್ಲಿ ಹೊರಬರುತ್ತದೆ. ಸಮೀಕರಣ ಬರೆದು ಲೆಕ್ಕ ಹಾಕಿದರೆ 1 ಕಿಲೋಗ್ರಾಂ ಅಮೈನೋಫೀನಾಲ್ ತಯಾರಾಗುವಾಗ ಸುಮಾರು 1.6 ಕಿಲೋಗ್ರಾಂ ಕಬ್ಬಿಣದ ಆಕ್ಸೈಡ್ ಬರುತ್ತದೆ. ನೋಡಿದಿರಾ? ಬೇಕಾದ ವಸ್ತುವಿಗಿಂತ ಬೇಡವಾದ ವಸ್ತುವೇ ಹೆಚ್ಚು! ಅದೂ ಒಣಗಿದ ಲೆಕ್ಕ. ನೀರು, ಆಮ್ಲ, ಉಳಿಕೆ ರಾಸಾಯನಿಕಗಳು ಸೇರಿದ ಹಸಿ ಗಸಿಯ ತೂಕ ಇನ್ನೂ ಹೆಚ್ಚು.

ಇನ್ನೊಂದು ರೀತಿಯಲ್ಲಿ ಹೈಡ್ರೋಜನ್ ಅನಿಲವನ್ನೇ ನೇರವಾಗಿ ಬಳಸುತ್ತಾರೆ. ಆದರೆ ಹೈಡ್ರೋಜನ್ ತಾನಾಗಿ ಈ ಕೆಲಸಕ್ಕೆ ಇಳಿಯುವುದಿಲ್ಲ. ಅದರ ಅಣುವಿನಲ್ಲಿ ಎರಡು ಪರಮಾಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಪೆಲೇಡಿಯಂ, ಪ್ಲಾಟಿನಂ ಅಥವಾ ನಿಕ್ಕಲ್ ಲೋಹದ ಮೇಲೆ ಕುಳಿತಾಗ ಆ ಜೋಡಿ ಬಿಡಿಸಿಕೊಳ್ಳುತ್ತದೆ. ಬಿಡಿಯಾದ ಪರಮಾಣುಗಳು ಪಕ್ಕದಲ್ಲಿ ಬಂದು ಕೂತ ನೈಟ್ರೋಫೀನಾಲ್ ಅಣುವಿನೊಂದಿಗೆ ವರ್ತಿಸುತ್ತವೆ. ಕೊನೆಗೆ ಅಮೈನೋಫೀನಾಲ್ ಜೊತೆಗೆ ಬರುವುದು ನೀರು ಮಾತ್ರ. 1 ಕಿಲೋಗ್ರಾಂಗೆ ಸುಮಾರು 330 ಗ್ರಾಂ ನೀರು. ಲೋಹ ಹಾಗೆಯೇ ಉಳಿಯುತ್ತದೆ.

'ಎಲ್ಲಿ ಉಳಿಯುತ್ತದೆ ಸಾರ್?' ಎಂದು ಕೇಳಿದಿರಲ್ಲವೆ? ಈ ಕೆಲಸಕ್ಕೆ ಬಳಸುವ ಪೆಲೇಡಿಯಂ ಸಾಮಾನ್ಯವಾಗಿ ಇದ್ದಿಲಿನ ಪುಡಿಯ ಮೇಲೆ ಕೂತಿರುತ್ತದೆ. ನೂರು ಗ್ರಾಂ ಒಣ ಪುಡಿಯಲ್ಲಿ ಸಾಮಾನ್ಯವಾಗಿ 5 ಅಥವಾ 10 ಗ್ರಾಂ ಪೆಲೇಡಿಯಂ, ಉಳಿದದ್ದು ಇದ್ದಿಲು. ಕ್ರಿಯೆ ಮುಗಿದ ಮೇಲೆ ಸೋಸಿದರೆ ಕಪ್ಪು ಪುಡಿ ಮೇಲೆ ನಿಲ್ಲುತ್ತದೆ, ದ್ರವ ಕೆಳಗೆ ಇಳಿಯುತ್ತದೆ. ಪುಡಿಯನ್ನು ಮತ್ತೆ ಬಳಸಬಹುದು. ಆದರೆ ಎಚ್ಚರ ಬೇಕು. ಹೈಡ್ರೋಜನ್ ಹೀರಿಕೊಂಡ ಈ ಪುಡಿ ಗಾಳಿಯಲ್ಲಿ ಒಣಗಿದರೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹಾಗಾಗಿ ಅದನ್ನು ಒದ್ದೆಯಾಗಿಯೇ ಇಡುತ್ತಾರೆ.

ಹರಡಿದರೆ ಲಾಭ

ಲೋಹದ ಒಂದು ಗಟ್ಟಿಯನ್ನೇ ದ್ರವಕ್ಕೆ ಹಾಕಬಹುದಲ್ಲ, ಇದ್ದಿಲು ಏಕೆ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ.

ಕಣದಲ್ಲಿ ರಾಗಿ ಒಣಗಿಸುವುದನ್ನು ನೋಡಿದ್ದೀರಿ. ರಾಶಿ ಹಾಕಿ ಬಿಟ್ಟರೆ ಮೇಲಿನ ಕಾಳು ಮಾತ್ರ ಒಣಗುತ್ತದೆ, ಒಳಗಿನದು ಹಸಿಯಾಗಿಯೇ ಇರುತ್ತದೆ. ತೆಳುವಾಗಿ ಹರಡಿದರೆ ಪ್ರತಿ ಕಾಳಿಗೂ ಬಿಸಿಲು ತಾಗುತ್ತದೆ. ಲೋಹದ್ದೂ ಇದೇ ಕಥೆ. ಕೆಲಸ ನಡೆಯುವುದು ಮೇಲ್ಮೈಯಲ್ಲಿ ಮಾತ್ರ. ಗಟ್ಟಿಯ ಒಳಗಿರುವ ಪರಮಾಣುಗಳಿಗೆ ಕೆಲಸವೇ ಇಲ್ಲ.

ಒಂದು ಲೆಕ್ಕ ಮಾಡಿ. ಬದಿ 1 ಸೆಂಟಿಮೀಟರ್ ಇರುವ ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನು ಬದಿ 1 ಮಿಲಿಮೀಟರ್ ಇರುವ ಸಣ್ಣ ಘನಗಳಾಗಿ ಕತ್ತರಿಸಿದರೆ 1000 ತುಂಡುಗಳಾಗುತ್ತವೆ. ಎಲ್ಲವುಗಳ ಮೇಲ್ಮೈ ಕೂಡಿಸಿದರೆ 60 ಚದರ ಸೆಂಟಿಮೀಟರ್. ಲೋಹ ಅಷ್ಟೇ, ಮೇಲ್ಮೈ ಹತ್ತರಷ್ಟು! ಇನ್ನೂ ಸಣ್ಣದಾಗಿ ಕತ್ತರಿಸುತ್ತಾ ಹೋದರೆ?

ಹಾಗಾದರೆ ಲೋಹವನ್ನು ನುಣ್ಣಗೆ ಪುಡಿ ಮಾಡಿ ಹಾಕಿದರೆ ಸಾಕಲ್ಲವೆ? ಸಾಲದು. ಅತಿ ಸೂಕ್ಷ್ಮ ಲೋಹದ ಕಣಗಳು ಒಂದಕ್ಕೊಂದು ತಾಗಿದರೆ ಕೂಡಿಕೊಂಡು ಮತ್ತೆ ದೊಡ್ಡದಾಗುತ್ತವೆ. ಅವುಗಳನ್ನು ದೂರ ದೂರ ಕೂರಿಸಲು ವಿಶಾಲವಾದ ಕಣ ಬೇಕು. ಆ ಕಣವೇ ಘನ ಆಧಾರ. ವಿಶೇಷವಾಗಿ ತಯಾರಿಸಿದ ಸಕ್ರಿಯ ಇದ್ದಿಲಿನ ತುಂಬಾ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಅದರ ಒಂದೇ ಒಂದು ಗ್ರಾಂನ ಒಳಮೈ ಹೊರಮೈ ಎಲ್ಲ ಬಿಚ್ಚಿ ಹಾಸಿದರೆ ಸಾವಿರ ಚದರ ಮೀಟರಿನವರೆಗೂ ಇರಬಹುದು. 13 ಮೀಟರ್ ಉದ್ದ, 10 ಮೀಟರ್ ಅಗಲದ ಏಳು ಕಬಡ್ಡಿ ಅಂಕಣಗಳಿಗಿಂತಲೂ ಹೆಚ್ಚು!

ಈ ಉಪಾಯ ಹೊಸದೇನಲ್ಲ. ನುಣ್ಣಗಿನ ನಿಕ್ಕಲ್ ಬಳಸಿ ಸಾವಯವ ಸಂಯುಕ್ತಗಳಿಗೆ ಹೈಡ್ರೋಜನ್ ಸೇರಿಸಬಹುದು ಎಂದು ಫ್ರಾನ್ಸಿನ ಪಾಲ್ ಸಬಾಟಿಯೆ 1897ರಿಂದ ತೋರಿಸುತ್ತಾ ಬಂದರು. 1912ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ದ್ರವರೂಪದ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡುವ ವಿಧಾನಕ್ಕೆ ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ 1902ರಲ್ಲಿ ಪೇಟೆಂಟ್ ಪಡೆದರು. ವನಸ್ಪತಿ ಬಂದದ್ದು ಹೀಗೆ. ಅಂತಹ ಕಾರ್ಖಾನೆಗಳಲ್ಲಿ ನಿಕ್ಕಲ್ಲನ್ನು ಡಯಾಟಂ ಎಂಬ ಸೂಕ್ಷ್ಮ ಪಾಚಿಗಳ ಚಿಪ್ಪಿನಿಂದಾದ ಮಣ್ಣಿನ ಮೇಲೆ ಕೂರಿಸಿ ಬಳಸಿದರು. ಎಣ್ಣೆಯನ್ನು ಸೋಸಿದಾಗ ನಿಕ್ಕಲ್ ಹಿಂದೆ ಉಳಿಯಬೇಕಲ್ಲ!

ಒಂದು ಮಾತು ಇಲ್ಲೇ ಹೇಳಬೇಕು. ಕ್ರಿಯಾವರ್ಧಕವನ್ನು ಚೆನ್ನಾಗಿ ಸೋಸಿದ ಮಾತ್ರಕ್ಕೆ ತಯಾರಾದ ವಸ್ತು ಒಳ್ಳೆಯದೆಂದು ಅರ್ಥವಲ್ಲ. ಎಣ್ಣೆಯನ್ನು ಹೀಗೆ ಅರೆಬರೆ ಗಟ್ಟಿ ಮಾಡುವಾಗ ಹೃದಯಕ್ಕೆ ಕೆಟ್ಟದಾದ ಟ್ರಾನ್ಸ್ ಕೊಬ್ಬು ಉಂಟಾಗುತ್ತದೆ. ನಮ್ಮ ದೇಶದಲ್ಲಿ 2022ರ ಜನವರಿಯಿಂದ ಎಣ್ಣೆ, ಕೊಬ್ಬುಗಳಲ್ಲಿ ಇದು ನೂರಕ್ಕೆ 2ಕ್ಕಿಂತ ಹೆಚ್ಚು ಇರಬಾರದೆಂಬ ನಿಯಮವಿದೆ.

ಗೂಟ ಮತ್ತು ಹಗ್ಗ

ಇಷ್ಟೆಲ್ಲ ಹೇಳಿದ ಮೇಲೆ 'ಕರಗುವ ಕ್ರಿಯಾವರ್ಧಕಗಳನ್ನು ಬಿಟ್ಟೇಬಿಡಬಹುದಲ್ಲ' ಎನ್ನುತ್ತೀರಾ? ಅಷ್ಟು ಸುಲಭವಲ್ಲ. ಅವುಗಳ ಪರವಾಗಿಯೂ ಬಲವಾದ ವಾದವಿದೆ. ಕರಗಿದಾಗ ಲೋಹದ ಪ್ರತಿ ಪರಮಾಣುವೂ ಕೆಲಸಕ್ಕೆ ಸಿಗುತ್ತದೆ. ಅದರ ಸುತ್ತ ಯಾವ ಗುಂಪುಗಳಿರಬೇಕು ಎಂದು ನಾವೇ ಆರಿಸಬಹುದು. ಹಾಗಾಗಿ ಬೇಕಾದ ಅಣುವನ್ನೇ ಹೆಚ್ಚಾಗಿ, ಬೇಡವಾದದ್ದನ್ನು ಕಡಿಮೆಯಾಗಿ ಪಡೆಯಬಹುದು. 1960ರ ದಶಕದಲ್ಲಿ ಜೆಫ್ರಿ ವಿಲ್ಕಿನ್‌ಸನ್ ಪ್ರಸಿದ್ಧಗೊಳಿಸಿದ ರೋಡಿಯಂ ಸಂಯುಕ್ತ ಕೋಣೆಯ ಉಷ್ಣತೆಯಲ್ಲೇ ಕೆಲಸ ಮಾಡುತ್ತದೆ. ಪೆಲೇಡಿಯಂ ಬಳಸಿ ಇಂಗಾಲಕ್ಕೆ ಇಂಗಾಲವನ್ನು ಜೋಡಿಸುವ ಕ್ರಿಯೆಗಳಿಗಾಗಿ ರಿಚರ್ಡ್ ಹೆಕ್, ಐಇಚಿ ನೆಗಿಶಿ, ಅಕಿರಾ ಸುಜುಕಿ ಅವರಿಗೆ 2010ರ ನೊಬೆಲ್ ಬಹುಮಾನ ಬಂತು. ಎಷ್ಟೋ ಔಷಧಗಳ ತಯಾರಿಕೆಯಲ್ಲಿ ಈ ಕ್ರಿಯೆಗಳು ಬಳಕೆಯಲ್ಲಿವೆ. ಇವುಗಳಲ್ಲಿ ಹಲವು ಸಲ ಕರಗಿದ ಪೆಲೇಡಿಯಂ ಬಳಸುತ್ತಾರೆ. ಆಮೇಲೆ ಔಷಧದಿಂದ ಅದನ್ನು ಬೇರ್ಪಡಿಸಲು ಪಾಡು ಪಡುತ್ತಾರೆ.

ಎರಡರ ಒಳ್ಳೆಯ ಗುಣವನ್ನೂ ಪಡೆಯಲಾಗದೆ? ಹಸುವನ್ನು ಮೇಯಲು ಬಿಡುವಾಗ ಉದ್ದ ಹಗ್ಗದಿಂದ ಗೂಟಕ್ಕೆ ಕಟ್ಟುತ್ತೇವೆ. ಹಸು ಹಗ್ಗದ ಅಳತೆಯಲ್ಲಿ ಓಡಾಡಿ ಮೇಯುತ್ತದೆ, ಆದರೆ ಕಳೆದುಹೋಗುವುದಿಲ್ಲ. ವಿಜ್ಞಾನಿಗಳೂ ಹೀಗೆಯೇ ಮಾಡುತ್ತಾರೆ. ಮರಳಿನ ಮುಖ್ಯ ವಸ್ತುವಾದ ಸಿಲಿಕಾ, ಅಥವಾ ಥರ್ಮೋಕೋಲ್ ಮಾಡುವ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಮಣಿಗಳು ಇಲ್ಲಿ ಗೂಟ. ಅದಕ್ಕೆ ಅಂಟಿಸಿದ ಇಂಗಾಲದ ಸರಪಳಿಯೇ ಹಗ್ಗ. ಸರಪಳಿಯ ತುದಿಯಲ್ಲಿ ಲೋಹದ ಪರಮಾಣು.

ನಮ್ಮ ದೇಶದಲ್ಲೂ ಈ ಕೆಲಸ ನಡೆದಿದೆ. ಹೈದರಾಬಾದಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯ ಬಿ. ಎಂ. ಚೌಧರಿ, ಎಂ. ಲಕ್ಷ್ಮೀ ಕಾಂತಂ ಮತ್ತು ಸಂಗಡಿಗರು ಪದರ ಪದರವಾಗಿ ಜೇಡಿಮಣ್ಣನ್ನು ಹೋಲುವ ಒಂದು ವಸ್ತುವಿನ ಮೇಲೆ ಪೆಲೇಡಿಯಂನ ಅತಿ ಸೂಕ್ಷ್ಮ ಕಣಗಳನ್ನು ಕೂರಿಸಿದರು. ಹೆಕ್ ಮತ್ತು ಸುಜುಕಿ ಕ್ರಿಯೆಗಳನ್ನು ಅದರಿಂದ ನಡೆಸಬಹುದೆಂದು 2002ರಲ್ಲಿ ಪ್ರಕಟಿಸಿದರು.

ನಂಬುವ ಮೊದಲು ಸೋಸಿ ನೋಡಿ

ಹಗ್ಗ ಕಟ್ಟಿದ್ದೇವೆ ಎಂದ ಮಾತ್ರಕ್ಕೆ ಹಸು ಗೂಟದಲ್ಲೇ ಇದೆ ಎಂದು ನಂಬಬಹುದೆ? ಹಗ್ಗ ಹರಿಯಬಹುದು. ಘನ ಆಧಾರದಿಂದ ಲೋಹ ಸ್ವಲ್ಪ ಸ್ವಲ್ಪವಾಗಿ ಬಿಡಿಸಿಕೊಂಡು ದ್ರವಕ್ಕೆ ಸೇರುವುದುಂಟು. ಆಗ ಕೆಲಸ ಮಾಡುತ್ತಿರುವುದು ಕೂತಿರುವ ಲೋಹವೋ, ತಪ್ಪಿಸಿಕೊಂಡ ಲೋಹವೋ?

ಇದನ್ನು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ಕ್ರಿಯೆ ಅರ್ಧ ನಡೆದಿರುವಾಗ, ಬಿಸಿಯಾಗಿರುವಾಗಲೇ ಸೋಸಬೇಕು. ಪುಡಿ ತೆಗೆದ ಮೇಲೂ ದ್ರವದಲ್ಲಿ ಕ್ರಿಯೆ ಮುಂದುವರಿದರೆ ಲೋಹ ತಪ್ಪಿಸಿಕೊಂಡಿದೆ ಎಂದರ್ಥ. ಕೊನೆಯಲ್ಲಿ ಸೋಸಿದರೆ ಸಾಲದು. ಹೆಕ್ ಮತ್ತು ಸುಜುಕಿ ಕ್ರಿಯೆಗಳಲ್ಲಿ ಪೆಲೇಡಿಯಂ ನಡುವೆ ಕರಗಿ, ಕೆಲಸ ಮುಗಿಸಿ, ಕೊನೆಗೆ ಮತ್ತೆ ಇದ್ದಿಲಿನ ಮೇಲೆ ಬಂದು ಕೂರುವುದೂ ಕಂಡುಬಂದಿದೆ. ಸಂಜೆ ಹಟ್ಟಿಗೆ ಬಂದ ಹಸು ಹಗಲೆಲ್ಲ ಎಲ್ಲಿತ್ತು ಎಂದು ಸಂಜೆ ನೋಡಿದರೆ ತಿಳಿಯುವುದಿಲ್ಲ.

'ಐದು ಸಲ ಬಳಸಿದೆವು, ಐದು ಸಲವೂ ಅಷ್ಟೇ ಫಲ ಬಂತು' ಎಂಬ ಮಾತನ್ನೂ ಪರೀಕ್ಷಿಸಬೇಕು. ಇಬ್ಬರು ಹುಡುಗಿಯರಿಗೆ ಹತ್ತು ಲೆಕ್ಕ ಕೊಟ್ಟು ನಾಲ್ಕು ಗಂಟೆಗೆ ನೋಡಿದಿರಿ ಎನ್ನಿ. ಇಬ್ಬರದ್ದೂ ಮುಗಿದಿತ್ತು. ಒಬ್ಬಳು ಎರಡು ಗಂಟೆಗೇ ಮುಗಿಸಿದ್ದಳೆಂದು ನಿಮಗೆ ತಿಳಿಯಿತೆ? ಕ್ರಿಯಾವರ್ಧಕವೂ ಹಾಗೆಯೇ. ಅದು ನಿಧಾನವಾಗುತ್ತಿದೆಯೇ ಎಂದು ನಡುವೆ ನೋಡಬೇಕು.

ಮಾಡಿ ನೋಡಿ

ಈ ಪರೀಕ್ಷೆಯನ್ನು ನೀವೂ ಶಾಲೆಯಲ್ಲಿ ಮಾಡಬಹುದು. ಶಿಕ್ಷಕರು ಜೊತೆಗಿರಲೇಬೇಕು. ಗಾಯ ತೊಳೆಯಲು ಔಷಧಿ ಅಂಗಡಿಯಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡಿಗೆ ಅಷ್ಟೇ ನೀರು ಬೆರೆಸಿ. ಅದು ಕಣ್ಣಿಗೆ, ಬಾಯಿಗೆ ತಾಗಬಾರದು. ಮುಚ್ಚಳ ಹಾಕಿದ ಶೀಸೆಯಲ್ಲಿ ಪ್ರಯೋಗ ಮಾಡಬಾರದು.

1. ಒಂದು ಹಸಿ ಆಲೂಗಡ್ಡೆಯ ಹೋಳುಗಳನ್ನು ನಾಲ್ಕೈದು ಸಲ ನೀರಿನಲ್ಲಿ ತೊಳೆದು ಮೊದಲ ಲೋಟದ ದ್ರಾವಣಕ್ಕೆ ಹಾಕಿ. ಇನ್ನೊಂದನ್ನು ಜಜ್ಜಿ, ರಸದ ಸಮೇತ ಎರಡನೆಯ ಲೋಟಕ್ಕೆ ಹಾಕಿ. ಎರಡರಲ್ಲೂ ಗುಳ್ಳೆ ಬರುತ್ತದೆ. ಅದು ಆಕ್ಸಿಜನ್.

2. ಎರಡು ನಿಮಿಷದ ನಂತರ ಎರಡನ್ನೂ ಬೇರೆ ಬೇರೆ ಲೋಟಗಳಿಗೆ ಸೋಸಿ. ಯಾವ ದ್ರವದಲ್ಲಿ ಗುಳ್ಳೆ ಹೆಚ್ಚು ಬರುತ್ತಲೇ ಇದೆ? ಏಕೆ?

3. ಸೋಸಿ ತೆಗೆದ ಹೋಳುಗಳನ್ನು ಮತ್ತೆ ತೊಳೆದು ಹೊಸ ದ್ರಾವಣಕ್ಕೆ ಹಾಕಿ. ಹೀಗೆ ಎಷ್ಟು ಸಲ ಬಳಸಬಹುದು? ಪ್ರತಿ ಸಲವೂ ಗುಳ್ಳೆಯ ವೇಗ ಅಷ್ಟೇ ಇದೆಯೇ? ಬರೆದಿಡಿ. ಪ್ರಯೋಗದ ಆಲೂಗಡ್ಡೆಯನ್ನು ತಿನ್ನಬೇಡಿ.

ಇಲ್ಲಿ ಕೆಲಸ ಮಾಡುವುದು ಕೆಟಲೇಸ್ ಎಂಬ ಕಿಣ್ವ. ಅದರ ಪ್ರತಿ ಅಣುವಿನಲ್ಲಿ ನಾಲ್ಕು ಕಬ್ಬಿಣದ ಪರಮಾಣುಗಳನ್ನು ಪ್ರೋಟೀನು ಹಿಡಿದುಕೊಂಡಿರುತ್ತದೆ. ಲೋಹವನ್ನು ಕಟ್ಟಿಟ್ಟು ಕೆಲಸ ಮಾಡಿಸುವ ಉಪಾಯವನ್ನು ಪ್ರಕೃತಿ ನಮಗಿಂತ ಬಹಳ ಮೊದಲೇ ಬಳಸಿದೆ!

ದುಬಾರಿ ಯಾವುದು?

'ಕಬ್ಬಿಣದ ಪುಡಿ ಅಗ್ಗ, ಪೆಲೇಡಿಯಂ ದುಬಾರಿ' ಎಂದು ಕೆಲವರು ಹೇಳುತ್ತಾರೆ. ನಿಜ. ಪೆಲೇಡಿಯಂ ಭೂಮಿಯಲ್ಲಿ ಬಹಳ ವಿರಳ. ಅದು ಹೆಚ್ಚಾಗಿ ಬರುವುದು ರಷ್ಯಾ ಮತ್ತು ದಕ್ಷಿಣ ಆಫ್ರಿಕಾದ ಗಣಿಗಳಿಂದ. ಕಬ್ಬಿಣದ ಗಸಿಯೆಲ್ಲ ವ್ಯರ್ಥವೇ ಆಗಬೇಕೆಂದೂ ಇಲ್ಲ. ಅದರಿಂದ ಬಣ್ಣದ ಪುಡಿ ಮಾಡುವ ವಿಧಾನ ಜರ್ಮನಿಯಲ್ಲಿ 1920ರ ದಶಕದಲ್ಲೇ ಬಂತು.

ಆದರೂ ನಾನು ಈ ವಾದವನ್ನು ಒಪ್ಪುವುದಿಲ್ಲ. ಅಗ್ಗ ಎಂಬ ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ರಾಶಿ ಬಿದ್ದ ಗಸಿ ಮಳೆಯಲ್ಲಿ ತೊಳೆದು ಹಳ್ಳಕ್ಕೆ ಇಳಿದರೆ, ಆ ಖರ್ಚನ್ನು ಕೊಡುವವರು ಕಾರ್ಖಾನೆಯವರಲ್ಲ. ಹಳ್ಳದ ಕೆಳಗೆ ಹೊಲ ಇರುವವರು, ಬಾವಿ ಇರುವವರು ಕೊಡುತ್ತಾರೆ. ದುಬಾರಿ ಲೋಹವಾದರೂ ಹಲವು ಸಲ ಹಿಂದಕ್ಕೆ ಪಡೆದು ಬಳಸಿದರೆ ಒಂದು ಸಲದ ಖರ್ಚು ಕಡಿಮೆಯಾಗುತ್ತದೆ. ನೂರು ರೂಪಾಯಿಯ ಬುತ್ತಿ ಡಬ್ಬಿ ದುಬಾರಿಯೋ, ದಿನಕ್ಕೊಂದು ಎಸೆಯುವ ಪ್ಲಾಸ್ಟಿಕ್ ಚೀಲ ದುಬಾರಿಯೋ? ಡಬ್ಬಿ ಕಳೆಯದಿದ್ದರೆ ಮಾತ್ರ ಡಬ್ಬಿಯೇ ಅಗ್ಗ. ಕಳೆಯದಂತೆ ನೋಡಿಕೊಳ್ಳುವುದೇ ಘನ ಆಧಾರದ ಕೆಲಸ.

ಗುಳಿಗೆಯ ಮಾತಂತೂ ಇನ್ನೂ ಮುಖ್ಯ. ಬಾಯಿಯ ಮೂಲಕ ತೆಗೆದುಕೊಳ್ಳುವ ಔಷಧದಿಂದ ಒಬ್ಬರ ದೇಹಕ್ಕೆ ದಿನಕ್ಕೆ 100 ಮೈಕ್ರೋಗ್ರಾಂಗಿಂತ ಹೆಚ್ಚು ಪೆಲೇಡಿಯಂ ಸೇರಬಾರದು ಎಂದು ಔಷಧ ನಿಯಂತ್ರಕರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. 100 ಮೈಕ್ರೋಗ್ರಾಂ ಎಂದರೆ ಪುಡಿ ಉಪ್ಪಿನ ಒಂದೆರಡು ಹರಳುಗಳ ತೂಕ. ಅಷ್ಟು ಸಣ್ಣ ಮಿತಿಯೊಳಗೆ ಇರಬೇಕಾದರೆ ಲೋಹ ಎಲ್ಲಿದೆ ಎಂಬುದು ತಯಾರಿಸುವವರಿಗೆ ಖಚಿತವಾಗಿ ಗೊತ್ತಿರಬೇಕು.

1998ರಲ್ಲಿ ಪಾಲ್ ಅನಾಸ್ಟಸ್ ಮತ್ತು ಜಾನ್ ವಾರ್ನರ್ ಹಸಿರು ರಸಾಯನಶಾಸ್ತ್ರದ ಹನ್ನೆರಡು ತತ್ವಗಳನ್ನು ಪ್ರಕಟಿಸಿದರು. ಖರ್ಚಾಗುವ ವಸ್ತುವಿಗಿಂತ ಕ್ರಿಯಾವರ್ಧಕ ಮೇಲು ಎಂಬುದು ಅವುಗಳಲ್ಲಿ ಒಂದು. ಇದಕ್ಕೆ ಒಂದು ಮಾತು ಸೇರಿಸಬೇಕೆಂದು ನನಗೆ ಅನಿಸುತ್ತದೆ: ಹಿಂದಕ್ಕೆ ಸಿಗುವ ಕ್ರಿಯಾವರ್ಧಕ ಇನ್ನೂ ಮೇಲು.

ನಿಮ್ಮಲ್ಲಿ ಕೆಲವರು ಮುಂದೆ ಪ್ರಯೋಗಾಲಯಕ್ಕೆ ಹೋಗುತ್ತೀರಿ, ಕೆಲವರು ಕಾರ್ಖಾನೆಗೆ. ಹಲವರು ಎರಡಕ್ಕೂ ಹೋಗದೆ ಊರಿನಲ್ಲೇ ಇದ್ದು ಬೇಸಾಯ ಮಾಡುತ್ತೀರಿ, ಪಂಚಾಯಿತಿಯ ಸಭೆಯಲ್ಲಿ ಕೂರುತ್ತೀರಿ. ಊರಿನ ಪಕ್ಕದಲ್ಲಿ ಕಾರ್ಖಾನೆ ಬರುತ್ತದೆ ಎಂದಾಗ 'ಏನು ತಯಾರಿಸುತ್ತೀರಿ?' ಎಂದು ಎಲ್ಲರೂ ಕೇಳುತ್ತಾರೆ. ನೀವು ಇನ್ನೂ ಮೂರು ಪ್ರಶ್ನೆ ಕೇಳಿ. ತಯಾರಿಸಲು ಬಳಸಿದ್ದು ಕೊನೆಗೆ ಎಲ್ಲಿ ಉಳಿಯುತ್ತದೆ? ಅದನ್ನು ಎಷ್ಟು ಸಲ ಬಳಸುತ್ತೀರಿ? ಹಾಗೆಂದು ಹೇಗೆ ಪರೀಕ್ಷಿಸಿದಿರಿ?

ಸದ್ಯಕ್ಕೆ ನಿಮ್ಮ ವಿಜ್ಞಾನದ ಟಿಪ್ಪಣಿ ಪುಸ್ತಕ ತೆಗೆಯಿರಿ. ಕ್ರಿಯಾವರ್ಧಕದ ವ್ಯಾಖ್ಯೆಯ ಕೆಳಗೆ ಪೆನ್ಸಿಲಿನಲ್ಲಿ ಈ ಮೂರು ಪ್ರಶ್ನೆಗಳನ್ನು ಬರೆದುಕೊಳ್ಳಿ. ಆಲೂಗಡ್ಡೆಯ ಪ್ರಯೋಗ ಮಾಡಿದ ಮೇಲೆ ಮೂರಕ್ಕೂ ನಿಮ್ಮ ಉತ್ತರವನ್ನು ಅದರ ಪಕ್ಕದಲ್ಲೇ ಬರೆಯಿರಿ.